ಮಗು ಕರ್ತೃ, ಸಾಧನ ಕರಣ: ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ತಂತ್ರಜ್ಞಾನದ ಗುರಿಗಳನ್ನು ಬರೆಯುವ ಬಗೆ

ವರ್ಷಾರಂಭದಲ್ಲಿ ನಾವು ಶಿಕ್ಷಕರು ಸಿದ್ಧಪಡಿಸುವ ವೈಯಕ್ತಿಕ ಶಿಕ್ಷಣ ಯೋಜನೆಗಳಲ್ಲಿ, ಅಂದರೆ ಐಇಪಿಗಳಲ್ಲಿ, ಒಂದು ವಾಕ್ಯ ಮತ್ತೆ ಮತ್ತೆ ಕಾಣಸಿಗುತ್ತದೆ: ‘ವಿದ್ಯಾರ್ಥಿಯ ಕಲಿಕೆಗಾಗಿ ಟ್ಯಾಬ್ ಬಳಸಲಾಗುವುದು.’ ಬಳಸುವವರು ಯಾರು, ಯಾವ ಕೆಲಸಕ್ಕೆ, ಎಷ್ಟು ದಿನದೊಳಗೆ ಏನಾಗಬೇಕು ಎಂಬ ಯಾವ ಪ್ರಶ್ನೆಗೂ ಇದರಲ್ಲಿ ಉತ್ತರವಿಲ್ಲ. ಕರ್ಮಣಿ ಪ್ರಯೋಗದ ಮರೆಯಲ್ಲಿ ಮಗುವೇ ಕಾಣೆಯಾಗಿದೆ. ಇಂಥ ವಾಕ್ಯ ಬರೆದ ವರ್ಷ ಟ್ಯಾಬ್ ಬೀರುವಿನಲ್ಲಿ ಉಳಿಯುತ್ತದೆ, ಇಲ್ಲವೇ ಮಗುವನ್ನು ಸುಮ್ಮನೆ ಕೂರಿಸಲು ವೀಡಿಯೊ ತೋರಿಸುವ ವಸ್ತುವಾಗುತ್ತದೆ. ಎರಡನ್ನೂ ನಾನು ಕಂಡಿದ್ದೇನೆ.

ಆದ್ದರಿಂದ ನಾನು ಅನುಸರಿಸುವ ನಿಯಮವನ್ನು ನಮ್ಮ ವ್ಯಾಕರಣದ ಮಾತಿನಲ್ಲೇ ಹೇಳುತ್ತೇನೆ. ಗುರಿವಾಕ್ಯದಲ್ಲಿ ಮಗು ಪ್ರಥಮಾ ವಿಭಕ್ತಿಯಲ್ಲಿರಬೇಕು, ಸಾಧನವು ‘ಇಂದ’ ಎಂಬ ತೃತೀಯಾ ವಿಭಕ್ತಿಯಲ್ಲಿರಬೇಕು. ಉದಾಹರಣೆಗೆ: ‘ನಾಲ್ಕನೇ ತರಗತಿಯ ಈ ಹುಡುಗಿ ದಸರಾ ರಜೆಯೊಳಗೆ, ಪಾಠದ ಒಂದು ಪುಟವನ್ನು ಫೋನಿನ ಧ್ವನಿಯಿಂದ ಕೇಳಿಸಿಕೊಂಡು, ಕೇಳಿದ ಐದು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಯಾರ ನೆರವೂ ಇಲ್ಲದೆ ಬಾಯಿಮಾತಿನಲ್ಲಿ ಉತ್ತರಿಸುತ್ತಾಳೆ.’ ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ಸಾಧನದ ಹೆಸರನ್ನು ವಾಕ್ಯದಿಂದ ತೆಗೆದುಹಾಕಿ ಓದಿ. ಆಗಲೂ ಕಲಿಕೆಯ ಕೆಲಸವೊಂದು ಉಳಿದರೆ ಅದು ಗುರಿ. ಏನೂ ಉಳಿಯದಿದ್ದರೆ ನೀವು ಬರೆದಿರುವುದು ದಾಸ್ತಾನು ಪುಸ್ತಕದ ಒಂದು ಸಾಲು ಮಾತ್ರ.

ಮೊದಲ ಎರಡು ವಾರ ಸಾಧನವಿಲ್ಲದೆ ನೋಡಿ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಗಳನ್ನು ಗುರುತಿಸುತ್ತದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆಯಿರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಿ ಅಥವಾ ಅವರ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಪುಸ್ತಕ, ಕಲಿಕಾ ಸಾಮಗ್ರಿ ಮತ್ತು ತಕ್ಕ ಸಾಧನಗಳನ್ನು 18 ವರ್ಷದವರೆಗೆ ಉಚಿತವಾಗಿ ಒದಗಿಸಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ವಿಕಲತೆಯ ಪ್ರಮಾಣಪತ್ರ ಈ ಬಾಗಿಲುಗಳನ್ನು ತೆರೆಯುತ್ತದೆ. ಆದರೆ ಮಗು ಗಣಿತದ ಅವಧಿಯಲ್ಲಿ ಎಲ್ಲಿ ಎಡವುತ್ತದೆ ಎಂಬುದು ಪ್ರಮಾಣಪತ್ರದಲ್ಲಿ ಇರುವುದಿಲ್ಲ. ‘ಶೇಕಡಾ 50 ಅಲ್ಪದೃಷ್ಟಿ’ ಎಂಬ ಒಂದೇ ಬರಹ ಹೊತ್ತ ಇಬ್ಬರಲ್ಲಿ ಒಬ್ಬಳು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಸಲೀಸಾಗಿ ಓದಬಲ್ಲಳು ಮತ್ತು ಕಪ್ಪುಹಲಗೆಯನ್ನು ಮಾತ್ರ ಕಾಣಲಾರಳು. ಇನ್ನೊಬ್ಬನು ಕಿಟಕಿಯ ಬೆಳಕು ಕಣ್ಣಿಗೆ ಹೊಡೆದ ಕೂಡಲೇ ಏನನ್ನೂ ಓದಲಾರನು. ಇವರಿಬ್ಬರಿಗೆ ಒಂದೇ ಗುರಿ ಬರೆಯುವುದು ಅನ್ಯಾಯ.

ಹಾಗಾಗಿ ಜೂನ್ ತಿಂಗಳ ಎರಡು ವಾರಗಳನ್ನು ನೋಡುವುದಕ್ಕೇ ಮೀಸಲಿಡಿ. ಕನ್ನಡದ ಅವಧಿ, ಬಿಸಿಯೂಟದ ಸಾಲು, ಆಟದ ಮೈದಾನ, ಮನೆಗೆ ಹೊರಡುವ ಹೊತ್ತು, ಈ ನಾಲ್ಕೂ ಕಡೆ ನೋಡಬೇಕು. ಮಗು ಯಾವ ಕೆಲಸವನ್ನು ಎಲ್ಲಿಯವರೆಗೆ ತಾನೇ ಮಾಡುತ್ತದೆ, ಯಾವ ಹಂತದಲ್ಲಿ ನಿಲ್ಲುತ್ತದೆ, ನಿಂತಾಗ ಯಾರು ನೆರವಾಗುತ್ತಾರೆ ಎಂದು ಬರೆದಿಟ್ಟುಕೊಳ್ಳಿ. ಸಹಾಯಕ ತಂತ್ರಜ್ಞಾನದ ಕ್ಷೇತ್ರದಲ್ಲಿ ಜಾಯ್ ಝಬಾಲಾ ಅವರು ರೂಪಿಸಿದ ಚೌಕಟ್ಟು ಇದೇ ಕ್ರಮವನ್ನು ಕಲಿಸುತ್ತದೆ: ಮೊದಲು ವಿದ್ಯಾರ್ಥಿ, ಆಮೇಲೆ ಪರಿಸರ, ಆಮೇಲೆ ಮಾಡಬೇಕಾದ ಕೆಲಸ, ಕೊನೆಗೆ ಸಾಧನ. ನಮ್ಮಲ್ಲಿ ಕ್ರಮ ತಲೆಕೆಳಗಾಗುವುದಕ್ಕೆ ಕಾರಣವಿದೆ. ಸಾಧನ ಮೊದಲು ಬಂದು ಕೂತಿರುತ್ತದೆ, ಅದಕ್ಕೆ ಕೆಲಸ ಹುಡುಕಬೇಕಾದ ಒತ್ತಡ ನಮ್ಮ ಮೇಲಿರುತ್ತದೆ.

ಇನ್ನೂ ಗುರುತಾಗದ ಮಕ್ಕಳ ವಿಷಯದಲ್ಲಿ ಎನ್‌ಸಿಇಆರ್‌ಟಿಯ ‘ಪ್ರಶಸ್ತ್’ ತಪಶೀಲು ಪಟ್ಟಿ ಸಾಮಾನ್ಯ ಶಿಕ್ಷಕರಿಗೂ ಉಪಯುಕ್ತ. ಅದು ರೋಗನಿರ್ಣಯವಲ್ಲ, ಮುಂದಿನ ತಪಾಸಣೆಗೆ ಕಳುಹಿಸಬೇಕೋ ಬೇಡವೋ ಎಂದು ತಿಳಿಸುವ ಮೊದಲ ಜರಡಿ. ತಾಲ್ಲೂಕಿನ ಬಿಐಇಆರ್‌ಟಿ ಶಿಕ್ಷಕರನ್ನು, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು, ಈ ಹಂತದಲ್ಲೇ ಕರೆಯಿರಿ. ಯೋಜನೆಗೆ ಸಹಿ ಹಾಕಿಸಲು ಮಾತ್ರ ಅವರನ್ನು ಕರೆದರೆ ಅವರ ಅನುಭವ ವ್ಯರ್ಥವಾಗುತ್ತದೆ.

ನೋಡಿದ್ದನ್ನು ಅಂಕಿಯಲ್ಲಿ ಬರೆಯಿರಿ. ‘ಬರವಣಿಗೆ ನಿಧಾನ’ ಎಂಬುದು ಅಭಿಪ್ರಾಯ. ‘ಹಲಗೆಯ ಮೇಲಿನ ಐದು ಸಾಲು ನಕಲು ಮಾಡಲು 25 ನಿಮಿಷ ಬೇಕಾಯಿತು, ಮೂರು ಸಾಲು ಬಿಟ್ಟುಹೋಯಿತು’ ಎಂಬುದು ಆರಂಭದ ಅಳತೆ. ಈ ಅಳತೆ ಇಲ್ಲದಿದ್ದರೆ ಮಾರ್ಚ್‌ನಲ್ಲಿ ‘ಪ್ರಗತಿ ತೃಪ್ತಿಕರ’ ಎಂದು ಬರೆಯುವುದಕ್ಕಿಂತ ಬೇರೆ ದಾರಿ ಇರುವುದಿಲ್ಲ.

ಕಾಣದ ಮಗುವಿನ ಕಿವಿಗೆ ತಲುಪುವ ಕನ್ನಡ

ದೃಷ್ಟಿದೋಷವಿರುವ ಮಕ್ಕಳಿಗಾಗಿ ಗುರಿ ಬರೆಯುವ ಮುನ್ನ ಶಿಕ್ಷಕರು ತಮಗಾಗಿಯೇ ಒಂದು ಗುರಿ ಬರೆದುಕೊಳ್ಳಬೇಕು: ‘ನಾನು ಕೊಡುವ ಪ್ರತಿ ಪ್ರಶ್ನೆಪತ್ರಿಕೆ, ಟಿಪ್ಪಣಿ, ಅಭ್ಯಾಸಹಾಳೆ ಯುನಿಕೋಡ್‌ನಲ್ಲಿರುತ್ತದೆ.’ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತದಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಇರುವುದು ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳೇ. ಫಾಂಟು ಅವುಗಳ ಮೇಲೆ ಕನ್ನಡದ ರೂಪ ಹೊದಿಸಿರುತ್ತದೆ. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡವಾಗಿ ಕಾಣುವ ಪುಟವನ್ನು ಪರದೆ ಓದುವ ತಂತ್ರಾಂಶಕ್ಕೆ ಕೊಟ್ಟರೆ ಅದು ಅರ್ಥವಿಲ್ಲದ ಅಕ್ಷರಗಳನ್ನು ಉಚ್ಚರಿಸುತ್ತದೆ. ಫೋಟೊ ತೆಗೆದು ಪಿಡಿಎಫ್ ಮಾಡಿದ ಪುಟವಂತೂ ಅದಕ್ಕೆ ಬರಿಯ ಚಿತ್ರ. ಮಗುವಿಗೆ ಓದಲು ಬರುವುದಿಲ್ಲ ಎಂದು ತೀರ್ಮಾನಿಸುವ ಮೊದಲು ನಮ್ಮ ಕಡತವನ್ನು ಒಮ್ಮೆ ನಾವೇ ಕಣ್ಣುಮುಚ್ಚಿ ಕೇಳಿಸಿಕೊಳ್ಳಬೇಕು.

ಕೇಳಿಸುವ ಸಾಧನಗಳಿಗೆ ಹಣ ಬೇಕಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಪರದೆ ಓದುವ ಟಾಕ್‌ಬ್ಯಾಕ್ ಮತ್ತು ಗೂಗಲ್‌ನ ಕನ್ನಡ ಧ್ವನಿ ಇವೆ. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯದ ಅಂಧ ಯುವಕರು. ಅದರ ಜೊತೆಗೇ ಬರುವ ಇಸ್ಪೀಕ್ ಧ್ವನಿಗೆ ಕನ್ನಡ ಗೊತ್ತು. ಆ ಧ್ವನಿ ಯಾಂತ್ರಿಕವಾಗಿದೆ, ಮೊದಲ ವಾರ ಮಕ್ಕಳು ಮುಖ ಸಿಂಡರಿಸುತ್ತಾರೆ. ಆದರೆ ವೇಗ ಹೆಚ್ಚಿಸಿದರೂ ಅದು ಅಕ್ಷರ ನುಂಗುವುದಿಲ್ಲ, ಆದ್ದರಿಂದ ಅಭ್ಯಾಸವಾದ ಮಕ್ಕಳು ಅದನ್ನೇ ಕೇಳುವುದುಂಟು. ಗುರಿಯನ್ನು ಹಂತಗಳಾಗಿ ಒಡೆಯಿರಿ: ಕಡತವನ್ನು ತಾನೇ ತೆರೆಯುವುದು, ಸಾಲು ಸಾಲಾಗಿ ಮುಂದೆ ಹಿಂದೆ ಸಾಗುವುದು, ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯುವುದು, ಬೇಕಾದ ಪದವನ್ನು ಹುಡುಕುವುದು. ಪ್ರತಿ ಹಂತಕ್ಕೂ ಮೂರ್ನಾಲ್ಕು ವಾರ ಬೇಕು. ಶೀರ್ಷಿಕೆಯಿಂದ ಜಿಗಿಯಲು ಕಲಿಯದ ಮಗು ಪ್ರತಿದಿನ ಪಾಠವನ್ನು ಮೊದಲ ಪದದಿಂದ ಕೇಳುತ್ತಾ ಕೂರಬೇಕಾಗುತ್ತದೆ. ಅದು ಓದಲ್ಲ, ಕಾಯುವಿಕೆ.

ಪುಸ್ತಕಗಳ ಬಗ್ಗೆ ಅಂಜಿಕೆ ಬೇಡ. ಮುದ್ರಿತ ಪುಸ್ತಕವನ್ನು ಓದಲಾರದವರಿಗಾಗಿ ಅದನ್ನು ಓದಬಲ್ಲ ರೂಪಕ್ಕೆ ಪರಿವರ್ತಿಸಲು ನಮ್ಮ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಇದೇ ಆಶಯದ ಅಂತರರಾಷ್ಟ್ರೀಯ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತವೇ. 2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯಕ್ಕೆ ಮಗುವನ್ನು ಸದಸ್ಯನನ್ನಾಗಿ ಮಾಡಿಸುವುದು ವರ್ಷದ ಮೊದಲ ತಿಂಗಳ ಕೆಲಸವಾಗಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಧ್ವನಿ ಬಂತೆಂದು ಬ್ರೈಲ್ ಬಿಡಬೇಡಿ. ಬರಿಯ ಕಿವಿಯಿಂದ ಕಲಿತ ಮಗುವಿಗೆ ‘ಆದರ’ಕ್ಕೂ ‘ಆಧಾರ’ಕ್ಕೂ ಅರ್ಥ ಗೊತ್ತಿರುತ್ತದೆ, ಆದರೆ ‘ಧ’ ಎಲ್ಲಿ, ‘ದ’ ಎಲ್ಲಿ, ಒತ್ತು ಯಾವ ಅಕ್ಷರಕ್ಕೆ ಎಂಬ ಹಿಡಿತ ಬರುವುದಿಲ್ಲ. ಬೆರಳಿನಡಿ ಅಕ್ಷರ ಸಿಕ್ಕಾಗ ಮಾತ್ರ ಕಾಗುಣಿತ ನಿಲ್ಲುತ್ತದೆ. ಗುರಿಪತ್ರದಲ್ಲಿ ಧ್ವನಿಯ ಗುರಿಯೊಂದು, ಬ್ರೈಲ್ ಗುರಿಯೊಂದು ಅಕ್ಕಪಕ್ಕದಲ್ಲೇ ಇರಲಿ.

ಅಲ್ಪದೃಷ್ಟಿಯ ಮಕ್ಕಳಿಗೆ ಅಕ್ಷರ ದೊಡ್ಡದಾದರೆ ಸಾಲದು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕದಾಗಿ ಕೂರುವುದರಿಂದ ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಗೋಜಲಾಗುತ್ತದೆ. ಸ್ಮಾರ್ಟ್ ಬೋರ್ಡಿನ ಮೇಲೆ ಕಿಟಕಿಯ ಪ್ರತಿಫಲನ ಬೀಳುವ ಕೋಣೆಯಲ್ಲಿ, ಹಲಗೆಯ ಫೋಟೊ ತೆಗೆದು ತನ್ನ ಟ್ಯಾಬ್‌ನಲ್ಲಿ ಹಿಗ್ಗಿಸಿ ನೋಡಿಕೊಳ್ಳಲು ಮಗುವಿಗೆ ಕಲಿಸುವುದು ಒಂದೇ ವಾರದಲ್ಲಿ ಮುಟ್ಟಬಹುದಾದ ಗುರಿ. ಮೊದಲ ಗುರಿಯಾಗಿ ಇಂಥದ್ದನ್ನೇ ಆರಿಸಿಕೊಳ್ಳಿ. ಮಗುವಿಗೂ ನಿಮಗೂ ಧೈರ್ಯ ಬರುತ್ತದೆ.

ಕೇಳದ ಮಗುವಿನ ಬೆಳಗಿನ ಎರಡು ನಿಮಿಷ

ಶ್ರವಣ ಸಾಧನ ಹಾಕಿಕೊಂಡ ಮಗುವಿಗೆ ಎಲ್ಲವೂ ಕೇಳಿಸುತ್ತದೆ ಎಂಬ ತಪ್ಪು ತಿಳಿವಳಿಕೆ ಶಾಲೆಗಳಲ್ಲಿ ವ್ಯಾಪಕವಾಗಿದೆ. ಸೆಲ್ ಮುಗಿದಿರಬಹುದು, ಕಿವಿಯ ಅಚ್ಚಿನಲ್ಲಿ ಕೊಳೆ ಕಟ್ಟಿರಬಹುದು, ಮಳೆಗಾಲದಲ್ಲಿ ತೇವ ಸೇರಿರಬಹುದು. ಪ್ರತಿದಿನ ಪ್ರಾರ್ಥನೆಯ ನಂತರ, ನಿಮ್ಮ ತುಟಿ ಕಾಣದಂತೆ ಕಾಗದವೊಂದನ್ನು ಅಡ್ಡ ಹಿಡಿದು, ‘ಆ, ಈ, ಊ, ಮ್, ಶ್, ಸ್’ ಎಂಬ ಆರು ಧ್ವನಿಗಳನ್ನು ಕ್ರಮ ಬದಲಿಸುತ್ತಾ ಹೇಳಿ, ಕೇಳಿದಾಗಲೆಲ್ಲ ಮಗು ಕೈ ಎತ್ತಲಿ ಅಥವಾ ಮರಳಿ ಹೇಳಲಿ. ಡೇನಿಯಲ್ ಲಿಂಗ್ ಅವರ ಹೆಸರಿನಿಂದ ಪ್ರಸಿದ್ಧವಾದ ಈ ಪರೀಕ್ಷೆಯ ಆರು ಧ್ವನಿಗಳು ಮಾತಿನಲ್ಲಿ ಬರುವ ತಗ್ಗಿನ ಸ್ವರದಿಂದ ಎತ್ತರದ ಸ್ವರದವರೆಗಿನ ವ್ಯಾಪ್ತಿಯನ್ನು ಒಳಗೊಂಡಿವೆ. ನಿನ್ನೆ ‘ಸ್’ ಕೇಳಿದ ಮಗುವಿಗೆ ಇಂದು ಕೇಳದಿದ್ದರೆ ಸಾಧನ ಕೆಟ್ಟಿದೆ ಅಥವಾ ಕಿವಿಗೆ ತೊಂದರೆಯಾಗಿದೆ ಎಂದರ್ಥ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ತೋರಿಸಲು ಕರೆದೊಯ್ಯುವಾಗ ನಿಮ್ಮ ಈ ದಿನಚರಿ ಅಲ್ಲಿನ ತಜ್ಞರಿಗೆ ಬಹಳ ಉಪಕಾರಿ.

ಇಲ್ಲಿಯೂ ಗುರಿಯ ಕರ್ತೃ ಮಗುವೇ. ‘ಸಾಧನ ನಿಂತುಹೋದಾಗ ಮಗು ತಾನಾಗಿಯೇ ಶಿಕ್ಷಕರಿಗೆ ತಿಳಿಸಿ, ತನ್ನ ಚೀಲದಲ್ಲಿರುವ ಸೆಲ್ ಬದಲಿಸುತ್ತದೆ’ ಎಂಬುದು ಎರಡನೇ ತರಗತಿಯ ಮಗುವಿಗೂ ತಕ್ಕ ಗುರಿ. ದೂರ ಎರಡು ಪಟ್ಟಾದರೆ ಧ್ವನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಆದರೆ ಫ್ಯಾನಿನ ಸದ್ದು, ಪಕ್ಕದ ಕೋಣೆಯ ಮಗ್ಗಿಯ ಗದ್ದಲ ಇಳಿಯುವುದಿಲ್ಲ. ಆದ್ದರಿಂದ ಮೊದಲು ಜಾಗ ಬದಲಿಸಿ, ಆಮೇಲೆ ಯಂತ್ರದ ಮಾತು. ಮಾತನ್ನು ಬರಹವಾಗಿ ತೋರಿಸುವ ಆಪ್‌ಗಳು ಓದಲು ಬಲ್ಲ ಹಿರಿಯ ಮಕ್ಕಳಿಗೆ ಮಾತ್ರ ಪ್ರಯೋಜನಕಾರಿ, ಅದೂ ಒಬ್ಬರೇ ಮಾತನಾಡುವಾಗ.

ಸಂಜ್ಞಾಭಾಷೆಯೇ ಮೊದಲ ಭಾಷೆಯಾದ ಮಗುವಿಗೆ ವೀಡಿಯೊ ಎಂಬುದು ಪುಸ್ತಕವಿದ್ದಂತೆ. ದೆಹಲಿಯ ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟಿನಲ್ಲಿ 2021ರ ವೇಳೆಗೆ 10,000 ಪದಗಳ ಸಂಜ್ಞೆಗಳಿದ್ದವು. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಶೈಕ್ಷಣಿಕ ಯೋಜನೆಯಾದ ಪಿಎಂ ಇ-ವಿದ್ಯಾದ 31ನೇ ಟಿವಿ ವಾಹಿನಿಯನ್ನು ಸಂಜ್ಞಾಭಾಷೆಗೆ ಮೀಸಲಿಡಲಾಯಿತು. ವಾರಕ್ಕೆ ಹತ್ತು ಪದಗಳ ಸಂಜ್ಞೆ ಕಲಿಯುವ ಗುರಿಯನ್ನು ಆ ಮಗುವಿಗಿಂತ ಮೊದಲು ಶಿಕ್ಷಕರಿಗೂ ಸಹಪಾಠಿಗಳಿಗೂ ಬರೆಯಿರಿ. ತರಗತಿಯಲ್ಲಿ ಸಂಜ್ಞೆ ಬಲ್ಲ ಮಗು ಒಂದೇ ಇದ್ದರೆ ಅದು ಯಾರೊಡನೆ ಮಾತನಾಡಬೇಕು?

ಮಾತು ಬಾರದ ಮಗುವಿನ ಸಾಧನ ಅದರ ನಾಲಿಗೆ

ಆಟಿಸಂ, ಸೆರೆಬ್ರಲ್ ಪಾಲ್ಸಿ ಮುಂತಾದ ಕಾರಣಗಳಿಂದ ಮಾತು ಬಾರದ ಮಗುವಿಗೆ ಚಿತ್ರ ಮುಟ್ಟಿದರೆ ಮಾತು ಹೊರಡಿಸುವ ಆಪ್ ಕೊಡುವಾಗ ನಾವು ಸಾಮಾನ್ಯವಾಗಿ ಕಲಿಸುವ ಮೊದಲ ಪದಗಳು ‘ನೀರು’, ‘ಊಟ’, ‘ಶೌಚಾಲಯ’. ಇವು ನಮ್ಮ ಅನುಕೂಲದ ಪದಗಳು. ‘ಬೇಡ’, ‘ಸಾಕು’, ‘ಇನ್ನೂ ಬೇಕು’, ‘ಬಾ’, ‘ನನ್ನದು’, ‘ನೋವು’ ಎಂಬ ಪದಗಳು ದಿನವಿಡೀ ಎಲ್ಲೆಡೆ ಕೆಲಸಕ್ಕೆ ಬರುತ್ತವೆ, ಮಗುವಿಗೆ ತನ್ನ ಬದುಕಿನ ಮೇಲೆ ಒಂದಿಷ್ಟು ಅಧಿಕಾರ ಕೊಡುತ್ತವೆ. ಮನೆಯಲ್ಲಿ ಆಡುವ ಮಾತೇ ಅದರಲ್ಲಿರಲಿ. ಮನೆಯಲ್ಲಿ ತುಳುವನ್ನೋ ಉರ್ದುವನ್ನೋ ಲಂಬಾಣಿಯನ್ನೋ ಆಡುವ ಮಗುವಿನ ಗುಂಡಿಯಿಂದ ಪುಸ್ತಕದ ಕನ್ನಡ ಹೊರಟರೆ ತಾಯಿಗೆ ಅದು ತನ್ನ ಮಗುವಿನ ಮಾತು ಅನ್ನಿಸುವುದಿಲ್ಲ. ಅದೇ ಓಣಿಯ, ಅದೇ ವಯಸ್ಸಿನ ಮಗುವಿನ ಧ್ವನಿಯಲ್ಲಿ ಪದಗಳನ್ನು ಮುದ್ರಿಸಿಕೊಳ್ಳಬಹುದು.

ಗುರಿಯನ್ನು ‘ಮಗು 20 ಚಿತ್ರಗಳನ್ನು ಗುರುತಿಸುತ್ತದೆ’ ಎಂದು ಬರೆಯಬೇಡಿ, ಅದು ಪರೀಕ್ಷೆ, ಮಾತಲ್ಲ. ‘ಬಿಸಿಯೂಟದ ಹೊತ್ತಿನಲ್ಲಿ ಯಾರೂ ಕೇಳದೆಯೇ ದಿನಕ್ಕೆ ಮೂರು ಬಾರಿ ತಾನಾಗಿ ಏನನ್ನಾದರೂ ಹೇಳುತ್ತದೆ’ ಎಂದು ಬರೆಯಿರಿ. ಅದಕ್ಕೂ ಮೊದಲು ಆರು ವಾರ ನೀವು ಮಾತನಾಡುವಾಗಲೆಲ್ಲ ಅದೇ ಚಿತ್ರಗಳನ್ನು ಮುಟ್ಟಿ ತೋರಿಸುತ್ತಿರಬೇಕು, ಏಕೆಂದರೆ ಯಾರೂ ಆಡದ ಭಾಷೆಯನ್ನು ಯಾವ ಮಗುವೂ ಕಲಿಯಲಾರದು. ಅದೇ ಚಿತ್ರಗಳ ಮುದ್ರಿತ ಹಾಳೆಯೊಂದನ್ನು ಲ್ಯಾಮಿನೇಟ್ ಮಾಡಿಸಿ ಮಗುವಿನ ಚೀಲದಲ್ಲಿಡಿ. ಚಾರ್ಜ್ ಮುಗಿದ ದಿನ ಮಗು ಮೂಕವಾಗಬಾರದು. ಶಿಕ್ಷೆಯಾಗಿ ಆ ಟ್ಯಾಬ್ ಕಿತ್ತುಕೊಳ್ಳುವುದಂತೂ ಎಂದಿಗೂ ಕೂಡದು. ತಂಟೆ ಮಾಡಿದ ಬೇರೆ ಮಕ್ಕಳ ಬಾಯಿಗೆ ನಾವು ಬಟ್ಟೆ ಕಟ್ಟುವುದಿಲ್ಲ.

ಓದು, ಬರಹ, ಕೈಗೆಲಸ

ಕಲಿಕಾ ನ್ಯೂನತೆಯ ಮಗು ‘ಮ’ ಮತ್ತು ‘ಯ’, ‘ಪ’ ಮತ್ತು ‘ಷ’, ‘ಥ’ ಮತ್ತು ‘ಧ’ಗಳಲ್ಲಿ ಗೊಂದಲಗೊಳ್ಳುವುದು ಸೋಮಾರಿತನವಲ್ಲ. ಓದುತ್ತಿರುವ ಪದವನ್ನು ಬಣ್ಣದಿಂದ ಎತ್ತಿ ತೋರಿಸುತ್ತಾ ಧ್ವನಿ ಕೇಳಿಸುವ ಆಪ್ ಇಲ್ಲಿ ಸಹಾಯಕ. ಬರವಣಿಗೆಗೆ, ಫೋನಿನ ಕೀಲಿಮಣೆಯಲ್ಲಿ ಕನ್ನಡದ ಧ್ವನಿ ಟೈಪಿಂಗ್ ಇದೆ. ಗುರಿ ಬರೆಯುವಾಗ ಎರಡನ್ನೂ ಬೇರ್ಪಡಿಸಿ: ಇತಿಹಾಸದ ಉತ್ತರದಲ್ಲಿ ನಾವು ಅಳೆಯುವುದು ಇತಿಹಾಸವನ್ನು, ಆದ್ದರಿಂದ ಮಗು ಮಾತಿನಿಂದ ಬರೆಯಲಿ, ಕನ್ನಡದ ಉಕ್ತಲೇಖನದಲ್ಲಿ ಅಳೆಯುವುದು ಕಾಗುಣಿತವನ್ನು, ಅಲ್ಲಿ ಆ ಸಾಧನ ಬೇಡ. ಈ ಬೇರ್ಪಡಿಕೆ ಸ್ಪಷ್ಟವಾಗಿದ್ದರೆ ‘ಇವನಿಗೆ ಮಾತ್ರ ರಿಯಾಯಿತಿ ಏಕೆ’ ಎಂದು ಕೇಳುವ ಪೋಷಕರಿಗೆ ಉತ್ತರಿಸುವುದೂ ಸುಲಭ.

ಕೈ ಹಿಡಿತವಿಲ್ಲದ ಮಗುವಿಗೆ ಕಂಪ್ಯೂಟರಿಗಿಂತ ಮೊದಲು ಕುರ್ಚಿ ಸರಿಯಾಗಬೇಕು. ಪಾದ ನೆಲಕ್ಕೆ ತಾಗದೆ, ಬೆನ್ನು ಜಾರುತ್ತಿರುವಾಗ ಯಾವ ಮೌಸೂ ಕೈಗೆ ಒಗ್ಗುವುದಿಲ್ಲ. ಆಮೇಲೆ ವಿಂಡೋಸ್‌ನಲ್ಲಿ ಶಿಫ್ಟ್ ಕೀಲಿಯನ್ನು ಐದು ಬಾರಿ ಒತ್ತಿದರೆ ತೆರೆದುಕೊಳ್ಳುವ ಸ್ಟಿಕಿ ಕೀಸ್‌ನಿಂದ ಒಂದೇ ಬೆರಳಿನಲ್ಲಿ ಎರಡು ಕೀಲಿಗಳ ಕೆಲಸ ಮಾಡಬಹುದು.

ಬೌದ್ಧಿಕ ವಿಕಲತೆಯ ಮಕ್ಕಳಿಗೆ ನಾನು ಕಂಡ ಅತ್ಯಂತ ಉಪಯುಕ್ತ ಯಂತ್ರ ಫೋನಿನ ಕ್ಯಾಮೆರಾ. ಕೈ ತೊಳೆಯುವ ಹಂತಗಳನ್ನು ನಮ್ಮದೇ ಶಾಲೆಯ ನಲ್ಲಿ, ನಮ್ಮದೇ ಸೋಪು, ಆ ಮಗುವಿನದೇ ಕೈಗಳಿಂದ ಏಳು ಫೋಟೊಗಳಾಗಿ ತೆಗೆದು ಕ್ರಮವಾಗಿ ತೋರಿಸಿದರೆ, ಬೇರೆಲ್ಲೋ ತಯಾರಾದ ಕಾರ್ಟೂನು ಚಿತ್ರಗಳಿಗಿಂತ ಬೇಗ ಅರ್ಥವಾಗುತ್ತದೆ. ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ ನೋಟು ಗುರುತಿಸುವ ಆಟವನ್ನು ಪರದೆಯ ಮೇಲೆ ಗೆದ್ದ ಮಗು ಶಾಲೆಯೆದುರಿನ ಅಂಗಡಿಯಲ್ಲಿ ಪೆನ್ಸಿಲ್ ಕೊಂಡು ಚಿಲ್ಲರೆ ಎಣಿಸಿ ತಂದಾಗ ಮಾತ್ರ ಆ ಗುರಿಗೆ ಗೆರೆ ಎಳೆಯಿರಿ.

ಅಳತೆ, ಮತ್ತು ಬಿಡುವ ಧೈರ್ಯ

ಪ್ರತಿ ಗುರಿಗೂ ಒಂದು ಹಾಳೆ ಸಾಕು. ದಿನಾಂಕ, ಎಷ್ಟು ಬಾರಿ ಪ್ರಯತ್ನ, ಎಷ್ಟು ಬಾರಿ ತಾನೇ, ಎಷ್ಟು ಬಾರಿ ನೆರವಿನಿಂದ ಎಂಬ ನಾಲ್ಕು ಅಂಕಣಗಳಿರಲಿ. ನೆರವಿನ ಬಗೆಯನ್ನೂ ಗುರುತಿಸಿ: ಕೈ ಹಿಡಿದು ಮಾಡಿಸಿದಿರೋ, ತೋರಿಸಿದಿರೋ, ಬಾಯಲ್ಲಿ ಹೇಳಿದಿರೋ, ಬರಿಯ ಕಾದಿರೋ. ಕೈಯಿಂದ ಮಾತಿಗೆ, ಮಾತಿನಿಂದ ಕಾಯುವಿಕೆಗೆ ಸಾಗುವುದೇ ಪ್ರಗತಿ. ಒಂದು ಮಗುವಿಗೆ ಏಕಕಾಲಕ್ಕೆ ಎರಡಕ್ಕಿಂತ ಹೆಚ್ಚು ತಂತ್ರಜ್ಞಾನದ ಗುರಿಗಳು ಬೇಡ. 40 ಮಕ್ಕಳ ತರಗತಿಯಲ್ಲಿ ಅದಕ್ಕಿಂತ ಹೆಚ್ಚನ್ನು ಪ್ರಾಮಾಣಿಕವಾಗಿ ದಾಖಲಿಸಲು ಯಾರಿಂದಲೂ ಆಗದು. ಆರು ವಾರ ಶ್ರದ್ಧೆಯಿಂದ ಮಾಡಿಯೂ ಅಂಕಿ ಅಲುಗದಿದ್ದರೆ ಸಾಧನವನ್ನು ಬದಲಿಸಿ, ಗುರಿಯನ್ನಲ್ಲ. ಎಷ್ಟು ದುಬಾರಿಯದ್ದಾಗಿದ್ದರೂ ಸರಿ.

ಕರೆಂಟು, ಇಂಟರ್ನೆಟ್ಟು ಇಲ್ಲದ ದಿನಗಳನ್ನು ಲೆಕ್ಕಕ್ಕೆ ಹಿಡಿದೇ ಯೋಜಿಸಿ. ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾದ ಪಾಠಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಚಾರ್ಜ್ ಮಾಡುವವರು ಯಾರು, ಬೀರುವಿನ ಕೀಲಿ ಯಾರಲ್ಲಿ, ಮುಖ್ಯ ಶಿಕ್ಷಕರು ರಜೆಯಲ್ಲಿದ್ದರೆ ಏನು ಎಂಬುದನ್ನು ಗುರಿಪತ್ರದ ಕೆಳಗೇ ಬರೆಯಿರಿ. ಮಗುವಿನ ವೀಡಿಯೊ ಅಥವಾ ಫೋಟೊ ತೆಗೆಯುವ ಮುನ್ನ ಪೋಷಕರ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ, ಅವು ಯಾವ ವಾಟ್ಸ್ಆ್ಯಪ್ ಗುಂಪಿಗೂ ಹೋಗದಿರಲಿ.

ಎಂಟನೇ ತರಗತಿ ಮುಟ್ಟಿದ ಮಕ್ಕಳಿಗೆ ಪರೀಕ್ಷೆಯ ಗುರಿಯೂ ಸೇರಬೇಕು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ 2018ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ಬ್ರೈಲ್, ದೊಡ್ಡಕ್ಷರ ಅಥವಾ ಕಂಪ್ಯೂಟರಿನಲ್ಲಿ ಬರೆಯುವ ಆಯ್ಕೆಗಳನ್ನು ಹೇಳಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಮಗು ಯಾವ ಬಗೆಯಲ್ಲಿ ಬರೆಯಲಿದೆ ಎಂಬುದನ್ನು ಮಂಡಳಿಯ ನಿಯಮ ನೋಡಿ ಎರಡು ವರ್ಷ ಮೊದಲೇ ತೀರ್ಮಾನಿಸಿ, ಪ್ರತಿ ಕಿರುಪರೀಕ್ಷೆಯನ್ನೂ ಅದೇ ಬಗೆಯಲ್ಲಿ ಬರೆಸಿ. ಲಿಪಿಕಾರರಿಗೆ ಉತ್ತರ ಹೇಳಿ ಬರೆಸುವುದು, ಬರೆದದ್ದನ್ನು ಮತ್ತೆ ಓದಿಸಿ ತಿದ್ದಿಸುವುದು ಸ್ವತಃ ಒಂದು ಕೌಶಲ. ಅದನ್ನು ಪರೀಕ್ಷೆಯ ದಿನ ಕಲಿಯಲಾಗದು.

ಏಪ್ರಿಲ್‌ನಲ್ಲಿ ಮಗುವನ್ನೂ ತಂದೆತಾಯಿಯನ್ನೂ ಕೂರಿಸಿಕೊಂಡು ಗುರಿವಾಕ್ಯವನ್ನು ಗಟ್ಟಿಯಾಗಿ ಓದಿ, ಆಗಿದೆಯೋ ಇಲ್ಲವೋ ಎಂದು ಮೊದಲು ಮಗುವನ್ನೇ ಕೇಳಿ. ಬಳಿಕ ಮುಂದಿನ ತರಗತಿಯ ಶಿಕ್ಷಕರಿಗಾಗಿ ಒಂದು ಪುಟ ಬರೆದಿಡಿ. ಯಾವ ಸಾಧನ, ಅದರಲ್ಲಿ ಧ್ವನಿಯ ವೇಗವೆಷ್ಟು, ಅಕ್ಷರದ ಗಾತ್ರವೆಷ್ಟು, ಪಾಸ್‌ವರ್ಡ್ ಏನು, ಮಗು ಎಲ್ಲಿ ಕೂರಬೇಕು, ನಾವು ಮಾಡಿ ನೋಡಿ ಕೈಬಿಟ್ಟದ್ದು ಯಾವುದು, ಇಷ್ಟೂ ಅದರಲ್ಲಿರಲಿ. ಆ ಪುಟ ಇಲ್ಲದ ಕಾರಣ ಹಿಂದಿನ ವರ್ಷವಿಡೀ ಕಲಿತದ್ದನ್ನು ಜೂನ್‌ನಲ್ಲಿ ಮತ್ತೆ ಮೊದಲಿನಿಂದ ಆರಂಭಿಸಿದ ಮಕ್ಕಳನ್ನು ನಾನು ಕಂಡಿರುವುದರಿಂದ, ಬೇಸಿಗೆ ರಜೆ ಪತ್ರಕ್ಕೆ ಸಹಿ ಹಾಕುವ ಮುನ್ನ ಅದನ್ನು ಬರೆದು ಮಗುವಿನ ಕಡತಕ್ಕೆ ಹೊಲಿದುಬಿಡುತ್ತೇನೆ.